ಕೂರಿಗೆ ಹತ್ತಿದ ಗದ್ದೆ

ಜೂನ್ ಮುಗಿಯುವ ಹೊತ್ತಿಗೆ ಸಿದ್ದಾಪುರದ ಸುತ್ತಲಿನ ನೆಲಕ್ಕೆ ಇನ್ನೂ ಹಸಿರು ಬಂದಿರುವುದಿಲ್ಲ. ಬೇಸಿಗೆ ಬೆಳೆ ಕಟಾವಾದ ಮೇಲೆ ಕೂಳೆ ಸುಟ್ಟ ಕಪ್ಪು ಗುರುತು ಗದ್ದೆಗಳ ಮೈಮೇಲೆ ಅಲ್ಲಲ್ಲಿ ಉಳಿದಿರುತ್ತದೆ. ಎರೆಮಣ್ಣು ಅಂಗೈ ಅಗಲ ಬಿರಿದಿರುತ್ತದೆ. ಕಾಲುವೆಯ ತಳದಲ್ಲಿ ಒಣಗಿದ ಹೂಳು, ಅದರ ಮೇಲೆ ಆಡುಗಳ ಗೊರಸಿನ ಸಾಲು, ಎಲ್ಲಿಂದಲೋ ತೇಲಿ ಬಂದು ತೂಬಿನ ಬಾಯಿಗೆ ಸಿಕ್ಕಿಕೊಂಡ ಹರಕು ಚಪ್ಪಲಿ, ಗುಟ್ಕಾ ಚೀಟಿ. ಗಂಗಾವತಿ ಕಡೆಯಿಂದ ಕಾರಟಗಿ ಕಡೆಗೆ ಹೋಗುವ ರಸ್ತೆಯಲ್ಲಿ ಮಾತ್ರ ಬಿಡುವಿಲ್ಲ. ಅಕ್ಕಿ ಚೀಲ ಹೇರಿಕೊಂಡ ಲಾರಿಗಳು, ಹೊಟ್ಟಿನ ಗುಡ್ಡವನ್ನೇ ಬಲೆ ಕಟ್ಟಿ ಹೊತ್ತ ಟ್ರ್ಯಾಕ್ಟರುಗಳು. ಅವು ಹಾದು ಹೋದಾಗ ಹಾರುವ ಹೊಟ್ಟಿನ ಚೂರು ಬೈಕಿನವರ ಕಣ್ಣಿಗೆ ಬೀಳುತ್ತದೆ; ಬೈಕಿನವರು ಬೈಯುತ್ತಾರೆ; ಲಾರಿ ಆಗಲೇ ಮುಂದಿನ ಕ್ಯಾಂಪ್ ದಾಟಿರುತ್ತದೆ.

ರಸ್ತೆ ಬದಿಯ ಹೋಟೆಲಿನಲ್ಲಿ ಬೆಳಿಗ್ಗೆ ಏಳಕ್ಕೇ ಮಿರ್ಚಿಯ ಎಣ್ಣೆ ಕಾದಿರುತ್ತದೆ. ಪೇಪರ್ ಪ್ಲೇಟಿನಲ್ಲಿ ಮಂಡಾಳ ವಗ್ಗರಣಿ, ಅದರ ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಎರಡು ಮಿರ್ಚಿ. ಈ ತಿಂಗಳಲ್ಲಿ ಇಲ್ಲಿ ಬೇರೆ ಮಾತೇ ಇಲ್ಲ: ಡ್ಯಾಮಿನ್ಯಾಗ ಎಷ್ಟ ಐತಿ? ಕೆನಾಲಿಗೆ ಯಾವಾಗ ಬಿಡ್ತಾರ? ನೀರಾವರಿ ಸಲಹಾ ಸಮಿತಿಯ ಸಭೆ ಯಾವತ್ತು? ಐಸಿಸಿ ಎಂಬ ಮೂರಕ್ಷರ ಕೇಳಿದರೆ ಬೇರೆ ಊರಿನವರಿಗೆ ಕ್ರಿಕೆಟ್ ನೆನಪಾಗಬಹುದು. ಇಲ್ಲಿಯವರಿಗೆ ನೆನಪಾಗುವುದು ಆ ಸಭೆ. ಒಬ್ಬ ಫೋನು ತೆಗೆದು ಒಳಹರಿವು, ಹೊರಹರಿವು ಓದುತ್ತಾನೆ. ಇನ್ನೊಬ್ಬ ಅದಕ್ಕೆ ಕಿವಿ ಕೊಡದೆ, "ನಾ ಅಂತೂ ಬಿತ್ತಿ ಬಿಟ್ಟೀನ್ರೀ" ಅನ್ನುತ್ತಾನೆ.

ಬಿತ್ತಿದ್ದು ಭತ್ತ. ನೀರಿಲ್ಲದ ಕಾಲುವೆಯ ಪಕ್ಕದಲ್ಲಿ, ಒಣ ಮಣ್ಣಿನಲ್ಲಿ, ಕೂರಿಗೆಯಿಂದ ಬಿತ್ತಿದ ಭತ್ತ.

ಆ ಮಾತಿನ ತೂಕ ತಿಳಿಯಬೇಕಾದರೆ ಈ ಊರಿಗೆ ಭತ್ತ ಹೇಗೆ ಬಂತು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1945ರಲ್ಲಿ ಶುರುವಾಯಿತು. ಒಂದು ದಂಡೆಯಲ್ಲಿ ಮದ್ರಾಸಿನ ಸರ್ಕಾರ, ಇನ್ನೊಂದು ದಂಡೆಯಲ್ಲಿ ನಿಜಾಮರ ಹೈದರಾಬಾದು. 1953ರಲ್ಲಿ ಕಾಲುವೆಗೆ ನೀರು ಹರಿಯುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗುಡ್ಡ ಕೊರೆದ ಪಾಪಯ್ಯ ಟನಲ್ ಹೊಕ್ಕು ಹೊರಬಂದು, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆ ಹಾದು ರಾಯಚೂರಿನತ್ತ ಸಾಗುತ್ತದೆ. ಉದ್ದ 227 ಕಿಲೋಮೀಟರ್. ಯೋಜನೆ ಮಾಡಿದವರ ಲೆಕ್ಕದಲ್ಲಿ ಭತ್ತಕ್ಕೆ ಇದ್ದದ್ದು ಸಣ್ಣ ಪಾಲು. ಹೆಚ್ಚಿನ ನೆಲ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳದ್ದಾಗಬೇಕಿತ್ತು. ಬರಗಾಲದ ಸೀಮೆಗೆ ತೆಳ್ಳಗೆ ನೀರು ಹರಡಿ ಹೆಚ್ಚು ಜನರನ್ನು ಉಳಿಸುವ ಉದ್ದೇಶ ಅದು.

ಆದದ್ದೇ ಬೇರೆ. ಕೃಷ್ಣಾ–ಗೋದಾವರಿ ಮುಖಜ ಭೂಮಿಯಿಂದ ರೈತರು ಬಂದರು, ಎರೆಹೊಲ ಕೊಂಡರು, ಮಟ್ಟ ಮಾಡಿದರು, ಕ್ಯಾಂಪು ಕಟ್ಟಿಕೊಂಡು ನಿಂತರು. ಊರ ಹೆಸರಿಗೆ ಕ್ಯಾಂಪು ಅಂಟಿಕೊಂಡ ಎಷ್ಟೋ ವಸತಿಗಳು ಈ ಸೀಮೆಯಲ್ಲಿವೆ. ಅವರ ಕೈಯಲ್ಲಿ ಕೆಸರು ಗದ್ದೆಯ ವಿದ್ಯೆಯಿತ್ತು. ಸ್ಥಳೀಯರು ಮೊದಲು ಜಮೀನು ಮಾರಿ ನೋಡುತ್ತ ನಿಂತರು, ಆಮೇಲೆ ತಾವೂ ಕೆಸರಿಗಿಳಿದರು. ಬಾಪಟ್ಲಾದಲ್ಲಿ ತಯಾರಾದ ಬಿಪಿಟಿ 5204 ತಳಿ, ಅಂದರೆ ಅಂಗಡಿಯವರ ಸೋನಾ ಮಸೂರಿ, ಬಂದ ಮೇಲಂತೂ ಗಂಗಾವತಿಯ ಹೆಸರೇ ಅಕ್ಕಿ ಚೀಲದ ಮೇಲಿನ ಹೆಸರಾಯಿತು. ಜೋಳ ಬೆಳೆಯುತ್ತಿದ್ದ ಸೀಮೆ ಒಂದೇ ತಲೆಮಾರಿನಲ್ಲಿ ಅನ್ನದ ಸೀಮೆಯಾಯಿತು.

ಅದಕ್ಕೆ ಬೆಲೆಯನ್ನೂ ತೆತ್ತಿತು. ಮೇಲಿನವರು ಗದ್ದೆ ತುಂಬ ನೀರು ನಿಲ್ಲಿಸಿದರೆ ಕೆಳಭಾಗದವರಿಗೆ ಕಾಲುವೆ ಬರೀ ಕಾಲುದಾರಿ. ನೀರು ನಿಂತು ನಿಂತು ಉಪ್ಪು ಮೇಲೆ ಬಂತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ 90 ಸಾವಿರ ಹೆಕ್ಟೇರಿಗೂ ಹೆಚ್ಚು ನೆಲ ಜೌಗು, ಸವುಳಿಗೆ ಸಿಕ್ಕಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಬಹುಪಾಲು ದುಡಿಮೆ ಈ ಉಪ್ಪಿನ ಜತೆಗೇ: ನೆಲದಡಿ ತೂತಿನ ಪೈಪು ಹಾಕಿ ನೀರು ಬಸಿಯುವುದು, ಉಪ್ಪು ತಾಳುವ ತಳಿ ಹುಡುಕುವುದು. ಗಂಗಾವತಿ ಸೋನಾ ಎಂಬ ತಳಿ ಹುಟ್ಟಿದ್ದು ಆ ಕೇಂದ್ರದಲ್ಲೇ. ಇನ್ನೊಂದು ಕಡೆ ಅಣೆಕಟ್ಟೆಗೆ ಹೂಳು ತುಂಬಿತು. 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಈಗ ಹಿಡಿಯುವುದು 105.788 ಟಿಎಂಸಿ. ಕಳೆದುಹೋದದ್ದನ್ನು ತುಂಬಿಕೊಳ್ಳಲು ನವಲಿಯ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಮಾತು ಚುನಾವಣೆಯಿಂದ ಚುನಾವಣೆಗೆ ನಡೆದುಕೊಂಡು ಬರುತ್ತಿದೆ.

ಇಂಥ ಕಡೆ ನಾಟಿ ಭತ್ತದ ರೈತ ಕಾಯುವ ರೈತ. ಕಾಲುವೆಗೆ ನೀರು ಬಿಟ್ಟ ಮೇಲೆ ಸಸಿಮಡಿ, ಆಮೇಲೆ ಗದ್ದೆ ತುಂಬಿಸಿ ಕೆಸರು ಹೊಡೆಯುವುದು, ಆಮೇಲೆ ಆಳು ಹುಡುಕುವುದು. ನೀರು ಒಂದು ವಾರ ತಡವಾದರೆ ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕು, ಕೂಲಿ ಏರುತ್ತದೆ, ಸಸಿ ಬಲಿಯುತ್ತದೆ. ಒಂದು ಕಿಲೋ ಭತ್ತಕ್ಕೆ ಮಳೆ, ಕಾಲುವೆ ಸೇರಿ ಸರಾಸರಿ 2,500 ಲೀಟರ್ ನೀರು ಬೇಕೆಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಆ ನೀರಿನಲ್ಲಿ ದೊಡ್ಡ ಪಾಲು ಗಿಡ ಕುಡಿಯುವುದಲ್ಲ. ನೆಲವನ್ನು ಕೆಸರು ಮಾಡಿ, ಕೆಸರಾಗಿಯೇ ಇಡಲು ಹೋಗುವುದು.

ಕೂರಿಗೆ ಇದನ್ನು ಬುಡದಿಂದಲೇ ತಿರುಗಿಸಿತು. ಇದು ತಮಾಷೆಯ ಸಂಗತಿ ಕೂಡ: ಕೂರಿಗೆ ಯಾರೂ ಹೊರಗಿನಿಂದ ತಂದದ್ದಲ್ಲ. ಜೋಳದ ಕಾಲದಲ್ಲಿ ಇಲ್ಲಿ ಮನೆಮನೆಯಲ್ಲಿತ್ತು. ಜೋಡೆತ್ತು ಎಳೆಯುತ್ತಿದ್ದವು, ಮರದ ಬಟ್ಟಲು, ಅದರಿಂದ ಇಳಿದ ಬಿದಿರಿನ ಕೊಳವೆಗಳು, ಹೆಂಗಸು ಉಡಿಯಿಂದ ಕಾಳು ತೆಗೆದು ಬೆರಳ ಸಂದಿನಲ್ಲಿ ಹದವಾಗಿ ಬಿಡುತ್ತ ಹಿಂದೆ ನಡೆಯುತ್ತಿದ್ದಳು. ಕೆಸರು ಗದ್ದೆ ಬಂದಾಗ ಆ ಕೂರಿಗೆ ದನದ ಕೊಟ್ಟಿಗೆಯ ಅಟ್ಟ ಹತ್ತಿತು. ಈಗ ಕಬ್ಬಿಣದ ಮೈ ತೊಟ್ಟು, ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು, ಅದೇ ಭತ್ತದ ಗದ್ದೆಗೆ ಇಳಿದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಇದನ್ನು ಊರೂರಿಗೆ ಹೇಳಿದರು. ನೆರೆಯ ರಾಯಚೂರು ಜಿಲ್ಲೆಯಲ್ಲಿ ಭೂಸಮೃದ್ಧಿ ಯೋಜನೆಯೂ ಇದರ ಬೆನ್ನಿಗೆ ನಿಂತಿತು. ಆದರೆ ಹೆಚ್ಚು ಹರಡಿಸಿದ್ದು ಬದುವಿನ ಆಚೆಯ ಹೊಲವೇ. ಪಕ್ಕದವನ ಕೂರಿಗೆ ಭತ್ತ ತಲೆ ಎತ್ತಿದ್ದನ್ನು ಕಂಡ ಮೇಲೆ ಯಾವ ಕರಪತ್ರವೂ ಬೇಕಾಗುವುದಿಲ್ಲ.

ಬಿತ್ತನೆಯ ಗದ್ದೆಗೆ ಹೋಗೋಣ. ಮೊದಲು ಬಂದದ್ದು ಲೇಸರ್ ಲೆವೆಲರ್. ಬದುವಿನ ಮೂಲೆಯಲ್ಲಿ ಮುಕ್ಕಾಲಿಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಸುತ್ತುತ್ತ ಕಾಣದ ಕಿರಣ ಬೀರುತ್ತಿರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಬಕೆಟ್ಟಿಗೆ ಒಂದು ಕಂಬ, ಕಂಬದ ತುದಿಯಲ್ಲಿ ಆ ಕಿರಣ ಹಿಡಿಯುವ ಕಣ್ಣು. ನೆಲ ಉಬ್ಬಿದಲ್ಲಿ ಬಕೆಟ್ ತಾನೇ ಇಳಿದು ಕೆರೆಯುತ್ತದೆ, ತಗ್ಗಿನಲ್ಲಿ ತಾನೇ ಎದ್ದು ಮಣ್ಣು ಚೆಲ್ಲುತ್ತದೆ. ಚಾಲಕ ಸುಮ್ಮನೆ ಸುತ್ತು ಹೊಡೆಯುತ್ತಾನೆ. ನೆಲ ಮಟ್ಟವಾಗದಿದ್ದರೆ ಕೂರಿಗೆ ಭತ್ತ ತಗ್ಗಿನಲ್ಲಿ ಕೊಳೆಯುತ್ತದೆ, ದಿಬ್ಬದಲ್ಲಿ ಒಣಗುತ್ತದೆ.

ಆಮೇಲೆ ಕೂರಿಗೆ. ಮೇಲೆ ಎರಡು ಉದ್ದನೆಯ ಪೆಟ್ಟಿಗೆ, ಒಂದರಲ್ಲಿ ಬೀಜ, ಒಂದರಲ್ಲಿ ಗೊಬ್ಬರ. ಕೆಳಗೆ ಸಾಲಾಗಿ ಕಬ್ಬಿಣದ ತಾಳು, ತಾಳಿನ ಬೆನ್ನಿಗೆ ಪ್ಲಾಸ್ಟಿಕ್ ಕೊಳವೆ. ಒಂದೊಂದು ಗೇಣಿನ ಅಂತರದ ಸಾಲು ಮೂಡುತ್ತ ಹೋಗುತ್ತದೆ, ಕಾಳು ಒಂದಿಂಚಿನ ಆಳದಲ್ಲಿ ಬೀಳುತ್ತದೆ. ಹಿಂದೆ ಒಬ್ಬ ಹುಡುಗ ಕೊಳವೆಗಳ ಮೇಲೆ ಕಣ್ಣಿಟ್ಟು ನಡೆಯುತ್ತಾನೆ. ಮಣ್ಣು ಕಚ್ಚಿ ಕೊಳವೆ ಕಟ್ಟಿದರೆ ಕೂಗು ಹಾಕುತ್ತಾನೆ, ಕಡ್ಡಿಯಿಂದ ಕುಟ್ಟುತ್ತಾನೆ. ಆ ಕೂಗು ತಪ್ಪಿದರೆ ತಿಂಗಳ ಮೇಲೆ ಗದ್ದೆಯ ಉದ್ದಕ್ಕೂ ಒಂದು ಬೋಳು ಪಟ್ಟಿ ಎದ್ದು ಕಾಣುತ್ತದೆ, ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಾರೆ. ಎಕರೆ ಮುಗಿಯಲು ಒಂದು ತಾಸು. ಸಸಿಮಡಿಗೆ ಸುರಿಯುತ್ತಿದ್ದ ಬೀಜದ ಅರ್ಧ ಸಾಕು. ಬಿತ್ತಿದ ಎರಡು–ಮೂರು ದಿನದೊಳಗೆ ಕಳೆನಾಶಕ ಹೊಡೆಯಬೇಕು. ಒಂದು ಮಳೆ ಬಂದರೆ ಮೊಳಕೆ ತಾನೇ ಬರುತ್ತದೆ. ಕಾಲುವೆಗೆ ನೀರು ಬರುವ ಹೊತ್ತಿಗೆ ಇಲ್ಲಿ ಪೈರು ಆಗಲೇ ಎದ್ದಿರುತ್ತದೆ. ನಾಟಿಯ ಗದ್ದೆಗಿಂತ ವಾರ–ಹತ್ತು ದಿನ ಮುಂಚೆ ತೆನೆ ಬಾಗುತ್ತದೆ.

ಸುಖವೇನೂ ಪೂರ್ತಿಯಲ್ಲ. ನಿಂತ ನೀರು ಅಡಗಿಸುತ್ತಿದ್ದ ಕಳೆಯೆಲ್ಲ ಈಗ ಭತ್ತದ ಜತೆಗೇ ಏಳುತ್ತದೆ. ಭತ್ತದ ಹಾಗೆಯೇ ಕಾಣುವ ಕಾಡುಭತ್ತ ಸೇರಿಕೊಂಡರೆ ತೆನೆ ಬರುವ ತನಕ ಯಾವುದು ಮಗಳು, ಯಾವುದು ಸವತಿ ಮಗಳು ತಿಳಿಯುವುದಿಲ್ಲ. ಕಬ್ಬಿಣಾಂಶ ಸಿಕ್ಕದೆ ಎಳೆಪೈರು ಹಳದಿ ತಿರುಗುತ್ತದೆ, ಹೊಸಬರು ಗಾಬರಿಯಾಗಿ ಯೂರಿಯಾ ಸುರಿಯುತ್ತಾರೆ. ಬಿತ್ತಿದ ಮರುದಿನವೇ ಜೋರು ಮಳೆ ಬಂದು ಮಣ್ಣು ಹೆಪ್ಪುಗಟ್ಟಿದರೆ ಮತ್ತೆ ಬಿತ್ತಬೇಕು. ಇಷ್ಟೆಲ್ಲ ಇದ್ದರೂ ಲೀಜಿಗೆ ಹೊಲ ಮಾಡುವ ಸಣ್ಣ ರೈತ ಕೂರಿಗೆಯನ್ನೇ ಹಿಡಿಯುತ್ತಾನೆ. ಅವನ ಲೆಕ್ಕ 75 ಕಿಲೋ ಚೀಲದ ಲೆಕ್ಕ: ಎಕರೆಗೆ ಇಷ್ಟು ಚೀಲ ಬಂತು, ಹೊಲದ ಧಣಿಗೆ ಇಷ್ಟು, ಗೊಬ್ಬರದಂಗಡಿಗೆ ಇಷ್ಟು. ಕೆಸರು ಹೊಡೆಸುವ, ಸಸಿ ಕೀಳಿಸುವ, ಹಚ್ಚಿಸುವ ಖರ್ಚು ಉಳಿದರೆ ಕೊನೆಗೆ ಅವನ ಮನೆಗೆ ಬರುವ ಚೀಲ ಒಂದೆರಡು ಹೆಚ್ಚು. ಬೋರ್‌ವೆಲ್ ಬತ್ತಿಸಿಕೊಂಡ ಪಂಜಾಬಿನಲ್ಲಿ ನೇರ ಬಿತ್ತನೆ ಮಾಡಿದವರಿಗೆ ಸರ್ಕಾರ 2022ರಿಂದ ಎಕರೆಗೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಇಲ್ಲಿ ಕಾಲುವೆಯ ಅನಿಶ್ಚಿತತೆಯೇ ಆ ಕೆಲಸ ಮಾಡುತ್ತಿದೆ.

2024ರ ಆಗಸ್ಟ್ 10ರ ರಾತ್ರಿ ಆ ಅನಿಶ್ಚಿತತೆ ಸದ್ದು ಮಾಡಿಯೇ ಬಂತು. ಚೈನ್ ಲಿಂಕ್ ಕಡಿದು ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿ ಹೋಯಿತು. ತುಂಬಿ ನಿಂತ ಡ್ಯಾಮು ಖಾಲಿಯಾಗುತ್ತ ಹೋಗುವುದನ್ನು ಸಿದ್ದಾಪುರದ ಜನ ಫೋನಿನಲ್ಲಿ ನೋಡುತ್ತ ಕೂತರು. ಗೇಟುಗಳ ಕೆಲಸದಲ್ಲೇ ತಲೆ ಹಣ್ಣಾದ ಕನ್ನಯ್ಯ ನಾಯ್ಡು ಬಂದು, ನೀರು ಧುಮ್ಮಿಕ್ಕುತ್ತಿರುವಾಗಲೇ ಉಕ್ಕಿನ ತಡೆಪಟ್ಟಿಗಳನ್ನು ಒಂದರ ಮೇಲೊಂದು ಇಳಿಸುವ ಉಪಾಯ ಹೂಡಿದರು. ವಾರದೊಳಗೆ ಬಾಯಿ ಮುಚ್ಚಿತು. ಆ ಪಟ್ಟಿಗಳನ್ನು ಹಗಲು ರಾತ್ರಿ ಬೆಸುಗೆ ಹಾಕಿ ಸಿದ್ಧಮಾಡಿದವರು ಹೊಸಪೇಟೆ ಭಾಗದ ಕಾರ್ಖಾನೆಗಳ ಕೆಲಸಗಾರರು. ಪತ್ರಿಕೆಯಲ್ಲಿ ಅವರ ಫೋಟೋ ಹುಡುಕಿದರೂ ಸಿಗುವುದು ಕಷ್ಟ.

ಕೂರಿಗೆಯ ಮಾತಿಗೆ ಅಣ್ಣಿಗೇರಿಯ ಹೆಸರು ತರದೆ ಇರಲಾಗದು. ಅಲ್ಲಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಬೆಳಿಗ್ಗೆ ಏಳುವುದೇ ಕಷ್ಟವಾಗಿತ್ತಂತೆ. ಅಲಾರಾಂ ಕೀಲಿಗೆ ದಾರ ಕಟ್ಟಿ, ದಾರದ ತುದಿಗೆ ನೀರಿನ ಬಾಟಲಿ ಕಟ್ಟಿ, ಅಲಾರಾಂ ಹೊಡೆದ ಕೂಡಲೇ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡದ್ದು ಅವರ ಮೊದಲ ಯಂತ್ರ. ಆಮೇಲೆ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ. ಉತ್ತರ ಕರ್ನಾಟಕದ ಎರೆಹೊಲದಲ್ಲಿ ನಡಕಟ್ಟಿನ ಕೂರಿಗೆ ಎಂದರೆ ಬೇರೆ ವಿವರಣೆ ಬೇಕಿಲ್ಲ. 2022ರಲ್ಲಿ ಪದ್ಮಶ್ರೀ ಬಂತು. ಹೊಲ ಮಾರಿ ಯಂತ್ರ ಮಾಡಿದ ಮನುಷ್ಯನಿಗೆ ಪ್ರಶಸ್ತಿ ಬರುವ ತನಕ ತಲೆ ಕೆಟ್ಟವನೆಂಬ ಹೆಸರೇ ಗಟ್ಟಿ ಎನ್ನುವುದು ನಮ್ಮ ಊರುಗಳ ಮಾಮೂಲು ರಿವಾಜು.

ಈಗ ಬದುವಿನ ಮೇಲೆ ಕೂತ ಹೆಂಗಸರ ಕಡೆ ನೋಡಬೇಕು. ಇಷ್ಟು ಹೊತ್ತು ಅವರನ್ನು ಬಿಟ್ಟು ಬರೆದದ್ದು ಅನುಕೂಲಕ್ಕೆ.

ನಾಟಿಯ ಕಾಲದಲ್ಲಿ ಈ ಸೀಮೆಯ ಚಿತ್ರವೇ ಅವರು. ನಸುಕಿನಲ್ಲಿ ಟಂಟಂ ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುತ್ತಿದ್ದರು. ಸೀರೆ ಮೇಲಕ್ಕೆ ಸಿಕ್ಕಿಸಿ, ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಕೆಸರಿಗಿಳಿಯುತ್ತಿದ್ದರು. ಎಕರೆಗಿಷ್ಟು ಎಂದು ಗುತ್ತಿಗೆ; ಮುಗಿದ ಮೇಲೆ ಬದುವಿನ ಮೇಲೇ ದುಡ್ಡು ಹಂಚಿಕೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ನಂಬಿದ ಊರುಗಳಿಂದಲೂ ಗುಂಪುಗಳು ಬರುತ್ತಿದ್ದವು. ಗೋವಾ, ಮಂಗಳೂರಿಗೆ ಗುಳೆ ಹೋಗುವುದಕ್ಕಿಂತ ಇದು ವಾಸಿ, ಸಂಜೆಗೆ ಮನೆ ಸೇರಬಹುದು.

"ಒಂದ್ ಎಕರೆ ಹಚ್ಚಿದ್ರ ಹತ್ತ್ ಮಂದೀಗಿ ಕೂಲಿ ಆಗತಿತ್ರೀ. ಈಗ ಆ ಹುಡುಗ ಒಬ್ಬನ ಹಿಂದ ಹಿಂದ ಅಡ್ಡಾಡ್ತಾನ, ಅಷ್ಟ" ಎಂದು ಗುಂಪಿನ ಹಿರಿಯಳು ಕೂರಿಗೆಯತ್ತ ಗದ್ದ ತಿರುವಿದಳು. ಪಕ್ಕದವಳು ತಕ್ಷಣ ಬಾಯಿ ಹಾಕಿದಳು: "ಸೊಂಟ ಉಳೀತಲ್ಲ ಯಕ್ಕಾ." "ಸೊಂಟ ಉಳದ್ ಏನ್ ಮಾಡ್ತಿ, ಸಂಘದ ಕಂತ್ ಯಾರ್ ಕಟ್ತಾರ?"

ಇಬ್ಬರ ಮಾತೂ ನಿಜ. ದಿನವಿಡೀ ಬಾಗಿ, ಹಿಮ್ಮುಖ ನಡೆದು, ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು ಮಾಡುವ ಕೆಲಸ ಉಳಿಯಲಿ ಎಂದು ಹಾರೈಸುವುದು ಬದುವಿನ ಮೇಲೆ ನಿಂತು ಫೋಟೋ ತೆಗೆಯುವವರಿಗೆ ಸುಲಭ. ಆದರೆ ಆ ಕೂಲಿ ನಿಂತಾಗ ಅದರ ಜಾಗಕ್ಕೆ ಏನು ಬಂತು ಎಂದು ಕೇಳದೆ ಕೂರಿಗೆಯನ್ನು ಹೊಗಳುವುದೂ ಅಷ್ಟೇ ಸುಲಭ. ಸ್ವಲ್ಪ ಕಳೆ ಕೀಳುವ ಕೆಲಸ ಬಂದಿದೆ, ಅದನ್ನೂ ಕಳೆನಾಶಕ ತಿನ್ನುತ್ತಿದೆ. ಕಟಾವು ಹಿಂದೆಯೇ ಹೋಯಿತು. ಚೈನ್ ಗಾಲಿಯ ಕಟಾವು ಮಷೀನ್ ಹಸಿ ಗದ್ದೆಗೂ ಇಳಿದು, ಕೊಯ್ದು, ಬಡಿದು, ಟ್ರಾಲಿಗೆ ಸುರಿದುಬಿಡುತ್ತದೆ. ಔಷಧ ಸಿಂಪರಣೆಗೆ ಈಗ ಡ್ರೋನ್. ಗದ್ದೆಯಲ್ಲಿ ಪ್ರತಿ ಹೊಸ ಯಂತ್ರವೂ ರೈತನ ಖರ್ಚಿನ ಪಟ್ಟಿಯಿಂದ ಹೊಡೆದು ಹಾಕಿದ ಸಾಲು ಯಾರದೋ ಆದಾಯದ ಸಾಲಾಗಿತ್ತು.

ಇದೇ ಹಳೆಯ ಗಂಗಾವತಿ ತಾಲ್ಲೂಕಿನ ಇನ್ನೊಂದು ತುದಿ, ಆನೆಗೊಂದಿಯಲ್ಲಿ, ಹೊಸತನ ಬೇರೆ ದಾರಿ ಹಿಡಿಯಿತು. ವಿಜಯನಗರದ ಕಾಲದ ಕಾಲುವೆಗಳ ಬುಡದಲ್ಲಿ ಅಲ್ಲಿ ಬಾಳೆ ಬೆಳೆಯುತ್ತಾರೆ. ಗೊನೆ ಕಡಿದ ಮೇಲೆ ದಿಂಡು ಕೊಳೆಯಲು ಬಿಡುವ ವಸ್ತು. 1997ರಲ್ಲಿ ಶಮಾ ಪವಾರ್ ಶುರು ಮಾಡಿದ ಕಿಷ್ಕಿಂದಾ ಟ್ರಸ್ಟ್ ಆ ದಿಂಡಿನ ಪಟ್ಟೆ ಒಣಗಿಸಿ, ಹುರಿ ಹೊಸೆದು, ಬುಟ್ಟಿ, ಚಾಪೆ, ಚೀಲ ಹೆಣೆಯುವುದನ್ನು ಊರ ಹೆಂಗಸರಿಗೆ ಕಲಿಸಿತು. ಯಂತ್ರವಿಲ್ಲ, ಪೇಟೆಂಟಿಲ್ಲ. ಕೂರಿಗೆ ಇದ್ದ ಕೂಲಿ ತೆಗೆದರೆ ಇದು ಇಲ್ಲದ ಕೂಲಿ ಹುಟ್ಟಿಸಿತು. ಆದರೆ ಬುಟ್ಟಿ ಕೊಳ್ಳುವವರು ಹಂಪಿ ನೋಡಲು ಬರುವವರು, ದೂರದ ಪಟ್ಟಣದವರು. ಸಿದ್ದಾಪುರಕ್ಕೆ ಹಂಪಿ ಇಲ್ಲ. ಇಲ್ಲಿರುವುದು ಭತ್ತ, ಹೊಟ್ಟು, ತೌಡು ಮತ್ತು ಹಮಾಲರು.

ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ 2014–15ರಿಂದ ನಡೆದಿವೆ. ಸಣ್ಣ ರೈತನಿಗೆ ಒಳ್ಳೆಯದೇ ಆಯಿತು. ಆದರೆ ಯಂತ್ರದ ಬಾಡಿಗೆ ಯಾರ ಕೈ ಸೇರಬೇಕು ಎಂಬ ಪ್ರಶ್ನೆ ಇತ್ತೀಚಿನದು. ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಹಾಕಿಕೊಂಡದ್ದು ಈ ದಾರಿಯಲ್ಲೇ: ಕೂಲಿ ಕಳೆದುಕೊಳ್ಳುವವಳೇ ಯಂತ್ರದ ಒಡತಿಯಾಗಲಿ ಎಂದು. ಬೆಂಗಳೂರಿನ ಸೌರಶಕ್ತಿ ಸಂಸ್ಥೆ ಸೆಲ್ಕೋ 1995ರಿಂದ ಇಂಥದೇ ಲೆಕ್ಕದ ಮೇಲೆ ನಡೆದಿದೆ. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರ ಮ್ಯಾಗ್ಸೆಸೆ ಬಂದದ್ದು ಸೌರ ಫಲಕ ಕಂಡುಹಿಡಿದದ್ದಕ್ಕಲ್ಲ. ಬಡವಳ ದಿನದ ಗಳಿಕೆಗೆ ಹೊಂದುವ ಕಂತಿನಲ್ಲಿ ಬ್ಯಾಂಕಿನಿಂದ ಸಾಲ ಕೊಡಿಸಿ, ದೀಪವನ್ನೂ ದುಡಿಮೆಯ ಯಂತ್ರವನ್ನೂ ಅವಳ ಮನೆಗೆ ಮುಟ್ಟಿಸಿದ್ದಕ್ಕೆ. ಹೊಲಿಗೆ ಯಂತ್ರ, ಕಮ್ಮಾರನ ಕುಲುಮೆಗೆ ಗಾಳಿ ಊದುವ ಯಂತ್ರ, ಜೋಳದ ರೊಟ್ಟಿ ತಟ್ಟುವ ಯಂತ್ರ ಇವೆಲ್ಲ ಆ ಸೌರಶಕ್ತಿಯಲ್ಲಿ ಓಡುತ್ತಿವೆ.

ಈ ಕೊನೆಯದರ ಸುದ್ದಿ ಬದುವಿಗೂ ಮುಟ್ಟಿದೆ. ಟ್ರ್ಯಾಕ್ಟರ್ ಗದ್ದೆಯ ಆ ಬದಿ ತಿರುಗಿದ ಹೊತ್ತಿನಲ್ಲಿ ಹೆಂಗಸರ ನಡುವೆ ಚರ್ಚೆ ಜೋರಾಗಿತ್ತು. ಸಂಘದ ಹೆಸರಿನಲ್ಲಿ ಕೂರಿಗೆಯನ್ನೇ ತಗೊಂಡರೆ ಹೇಗೆ ಎಂದು ಒಬ್ಬಳು. ಟ್ರ್ಯಾಕ್ಟರ್ ಯಾರದು, ಹೊಡೆಯುವವರು ಯಾರು ಎಂದು ಇನ್ನೊಬ್ಬಳು. ಡಿಗ್ರಿ ಓದುವ ಹುಡುಗಿ ಫೋನಿನಲ್ಲಿ ಕಲಬುರಗಿ ರೊಟ್ಟಿಯ ಚಿತ್ರ ತೆಗೆದು ತೋರಿಸಿದಳು. ಅಲ್ಲಿನ ಜಿಲ್ಲಾಡಳಿತ 2024ರಲ್ಲಿ ಆ ಹೆಸರಿನಲ್ಲಿ ಸಂಘಗಳನ್ನು ಕಟ್ಟಿತು, ಪೊಟ್ಟಣದ ಮೇಲೆ ಮುದ್ರೆ ಹಾಕಿತು, ಈಗ ಆನ್‌ಲೈನಿನಲ್ಲೂ ಸಿಗುತ್ತದೆ.

"ಕೂರಿಗಿ ವರ್ಷಕ್ಕ ಒಂದ್ ತಿಂಗಳ ದುಡೀತೈತಿ ಯತ್ತೀ, ಉಳದ ಹನ್ನೊಂದ್ ತಿಂಗಳ ತುಕ್ಕ ಹಿಡೀತೈತಿ. ರೊಟ್ಟಿ ಮಷೀನ್ ದಿನಾ ದುಡೀತೈತಿ."

"ಏ ಹುಡುಗಿ, ಈ ಸೀಮ್ಯಾಗ ಎಲ್ಲಾರ ಮನ್ಯಾಗೂ ಅನ್ನ. ರೊಟ್ಟಿ ಯಾರ್ ತಗೊಂತಾರ?"

"ಮಿಲ್ಲಿನ ಹಮಾಲ್ರು ಅನ್ನ ಉಂಡು ಕ್ವಿಂಟಾಲಗಟ್ಲೆ ಚೀಲ ಹೊರತಾರೇನ? ಅವರಿಗಿ ರೊಟ್ಟೀನ ಬೇಕು. ಕಾರಟಗಿ ಒಂದರಾಗ ಎಷ್ಟ್ ಮಿಲ್ ಅದಾವ, ಎಣಸ್ ನೋಡು."

ಹಿರಿಯಳು ಬೆರಳು ಮಡಚಿ ನಿಜವಾಗಿಯೂ ಎಣಿಸತೊಡಗಿದಳು.